ದಿನಕ್ಕೊಂದು ಫೋಟೋ: ಪದೇ ಪದೇ ಕೇಳುವ ಪ್ರಶ್ನೆಗಳು

2016ರ ಯುಗಾದಿ ದಿನ ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣದ ಫೋಟೋ ತೆಗೆದೆ. ಮಾರನೇ ದಿನ ಎಲೆ ಬಾಡಿ ಅಂಚು ಸುರುಟಿಕೊಂಡಿತ್ತು, ಅದನ್ನೂ ತೆಗೆದೆ. ಹಾಗೆ ಶುರುವಾದದ್ದು ಇನ್ನೂ ನಿಂತಿಲ್ಲ. ಒಂಬತ್ತು ವರ್ಷ ದಾಟಿದೆ, 3,000ಕ್ಕೂ ಜಾಸ್ತಿ ಫೋಟೋ ಇವೆ. ಬಹುಪಾಲು ಮೈಸೂರಿನ ನಮ್ಮ ಮನೆ, ನಮ್ಮ ಬೀದಿ, ನಾನು ಬಸ್ಸು ಹತ್ತುವ ಸ್ಟಾಪಿನವು. ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ದಿನಕ್ಕೊಂದು ಫೋಟೋ ಅಂದರೆ ನಿಜವಾಗಿ ಏನು ಮಾಡಬೇಕು?

ಇವತ್ತಿನ ಫೋಟೋ ಇವತ್ತೇ ತೆಗೆಯಬೇಕು. ಅಷ್ಟೇ. ನಿನ್ನೆಯದನ್ನು ಇವತ್ತು ತೆಗೆದು ತಾರೀಕು ಬದಲಾಯಿಸುವಂತಿಲ್ಲ, ನಾಳೆಯದನ್ನು ಮುಂಚೆಯೇ ತೆಗೆದಿಡುವಂತಿಲ್ಲ. ದಿನದ ಕೊನೆಗೆ ಒಂದನ್ನು ಉಳಿಸಿಕೊಂಡು ತಾರೀಕಿನ ಜೊತೆ ಇಟ್ಟುಕೊಳ್ಳಬೇಕು.

ಇದು ಮೊಬೈಲ್ ಬಂದಮೇಲೆ ಹುಟ್ಟಿದ ಹುಚ್ಚು ಅಂತ ಕೆಲವರು ಅಂದುಕೊಂಡಿದ್ದಾರೆ, ಹಾಗಲ್ಲ. ನ್ಯೂಯಾರ್ಕಿನಲ್ಲಿ ಜೇಮಿ ಲಿವಿಂಗ್‌ಸ್ಟನ್ ಅನ್ನುವವರು 1979ರ ಮಾರ್ಚ್ 31ರಿಂದ ದಿನಕ್ಕೊಂದು ಪೊಲರಾಯ್ಡ್ ಫೋಟೋ (ತೆಗೆದ ಕೂಡಲೇ ಕ್ಯಾಮೆರಾದಿಂದಲೇ ಪ್ರಿಂಟು ಹೊರಬರುವಂಥದ್ದು) ತೆಗೆಯುತ್ತಾ ಹೋದರು. 1997ರ ಅಕ್ಟೋಬರ್ 25ರಂದು, ತಮ್ಮ 41ನೇ ಹುಟ್ಟಿದ ದಿನವೇ, ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಕೊನೆಯ ಫೋಟೋ ಅದೇ ದಿನದ್ದು. ಒಟ್ಟು 6,700ರ ಹತ್ತಿರ ಫೋಟೋಗಳು. ಅವುಗಳಲ್ಲಿ ಎಷ್ಟೋ ಸುಮ್ನೆ ಊಟದ ತಟ್ಟೆ, ಸ್ನೇಹಿತರು, ಆಟದ ಮೈದಾನ. ಅವರ ಕ್ಯಾಮೆರಾದ ಒಂದು ಪ್ಯಾಕಿನಲ್ಲಿ ಬರುತ್ತಿದ್ದದ್ದು ಹತ್ತೇ ಫೋಟೋ, ಅಗ್ಗವೂ ಅಲ್ಲ. ಆದರೂ ತಟ್ಟೆಗೆ ಒಂದು ಫಿಲ್ಮು ಖರ್ಚು ಮಾಡಿದ್ದಾರೆ ನೋಡಿ, ಅದು ನನಗೆ ಬಹಳ ದೊಡ್ಡದು ಅನ್ನಿಸುತ್ತದೆ.

ನಮ್ಮ ಮನೆಯಲ್ಲಿ ದಿನಾ ತೆಗೆಯುವಂಥದ್ದು ಏನಿದೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನನ್ನ ಉತ್ತರ ಉದ್ದ ಆಗುತ್ತದೆ, ಸ್ವಲ್ಪ ತಾಳ್ಮೆ ಇರಲಿ.

ಇವತ್ತು ಬೆಳಿಗ್ಗೆ ಎದ್ದಾಗಿನಿಂದ ನೀವು ಮುಟ್ಟಿದ ವಸ್ತುಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳಿ. ಗೇಟಿಗೆ ನೇತುಹಾಕಿದ ಚೀಲದಲ್ಲಿ ಹಾಲಿನ ಪ್ಯಾಕೆಟ್ಟು, ಅದರ ಮೇಲೆ ಸಣ್ಣ ಸಣ್ಣ ನೀರಿನ ಹನಿ. ಒದ್ದೆ ನೆಲದ ಮೇಲೆ ಇನ್ನೂ ಅರ್ಧ ಎಳೆದಿರುವ ರಂಗೋಲಿ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವವರೆಗೆ ಕಟ್ಟೆಗೆ ಒರಗಿ ನಿಂತ ಅಮ್ಮ. ಒಗ್ಗರಣೆ ಸೌಟು. ಇಡ್ಲಿ ತಟ್ಟೆ ತೆಗೆದಾಗ ಕಿಟಕಿ ಗಾಜಿಗೆ ಕೂತ ಹಬೆ. ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡೇ ಒಂಟಿ ಕಾಲಲ್ಲಿ ಕುಣಿದು ಸಾಕ್ಸ್ ಏರಿಸಿಕೊಳ್ಳುವ ಮಗು. ಬೀದಿಯ ಕೊನೆಯಲ್ಲಿ ಇಸ್ತ್ರಿ ಗಾಡಿಯವರು ಕೆಂಡ ಊದುವುದು. ದೇವರಾಜ ಮಾರ್ಕೆಟ್ಟಿನಲ್ಲಿ ಮಲ್ಲಿಗೆಯನ್ನು ಮೊಳ ಹಾಕುವಾಗ ಹೂವಿನವರ ಮೊಳಕೈ ಮಡಚುವ ರೀತಿ, ಅದರಲ್ಲೂ ಒಬ್ಬೊಬ್ಬರ ಮೊಳ ಒಂದೊಂದು ಉದ್ದ!

ಇವುಗಳಲ್ಲಿ ಯಾವುದೂ ವಿಶೇಷ ಅಲ್ಲ, ನಾನು ಇಷ್ಟು ವರ್ಷ ತೆಗೆದದ್ದೂ ಇವನ್ನೇ. ಹಬ್ಬ, ಮದುವೆ, ಪ್ರವಾಸದ ಫೋಟೋ ಹೇಗೂ ಯಾರಾದರೂ ತೆಗೆಯುತ್ತಾರೆ. ಮೈಸೂರು ದಸರಾ ಮೆರವಣಿಗೆಗೆ ಸಾವಿರಾರು ಫೋನು ಎದ್ದು ನಿಲ್ಲುತ್ತವೆ. ಆದರೆ ಮೆರವಣಿಗೆ ಮುಗಿದ ಮಾರನೇ ಬೆಳಿಗ್ಗೆ ನಿಮ್ಮ ಮನೆ ಬೀದಿಯಲ್ಲಿ ಪೌರಕಾರ್ಮಿಕರು ಕಸ ಗುಡಿಸುತ್ತಿದ್ದದ್ದನ್ನು ನೀವಲ್ಲದೆ ಯಾರೂ ತೆಗೆಯುವುದಿಲ್ಲ.

ಒಂದು ಸುಲಭದ ದಾರಿ ಹೇಳುತ್ತೇನೆ. 'ಇದು ಎಲ್ಲಿಗೆ ಹೋಗುತ್ತದೆ, ಯಾವಾಗಲೂ ಇರುತ್ತದೆ' ಅಂತ ನಿಮಗೆ ಯಾವುದರ ಬಗ್ಗೆ ಅನ್ನಿಸುತ್ತದೋ, ಮೊದಲು ಅದನ್ನು ತೆಗೆಯಿರಿ.

ಯಾವ ಕ್ಯಾಮೆರಾ ತಗೊಳ್ಳಲಿ?

ಇರುವ ಫೋನು ಸಾಕು. ಇದಕ್ಕಾಗಿ ಹೊಸದು ಕೊಳ್ಳಬೇಡಿ ಅಂತ ಕೈಮುಗಿದು ಕೇಳುತ್ತೇನೆ. ನಮ್ಮ ತಾತನ ಹತ್ತಿರ ಆಗ್ಫಾ ಕ್ಲಿಕ್ 3 ಇತ್ತು, ಒಂದು ರೀಲಿಗೆ ಹನ್ನೆರಡೇ ಫೋಟೋ. ಆ ಹನ್ನೆರಡು ಮುಗಿಯಲು ಕೆಲವು ಸಲ ಒಂದು ವರ್ಷ ಹಿಡಿಯುತ್ತಿತ್ತಂತೆ, ಆಮೇಲೆ ರೀಲು ತೊಳೆಸಿದಾಗ ಗೌರಿ ಹಬ್ಬ, ಬೇಸಿಗೆ ರಜೆ ಎಲ್ಲ ಒಟ್ಟಿಗೆ ಹೊರಬರುತ್ತಿದ್ದವು. ನಮಗೆ ಈಗ ಲೆಕ್ಕವೇ ಇಲ್ಲದಷ್ಟು ತೆಗೆಯಲು ಆಗುತ್ತದೆ.

ಫೋನಿನಲ್ಲಿ ಮೂರು ಕೆಲಸ ಮಾಡಿಕೊಳ್ಳಿ. ಒಂದು, ಲೆನ್ಸನ್ನು ಹಳೆಯ ಮೆತ್ತಗಿನ ಹತ್ತಿ ಬಟ್ಟೆಯಲ್ಲಿ ಒರೆಸಿ. ಜೇಬಿನಲ್ಲಿ, ಬ್ಯಾಗಿನಲ್ಲಿ ಇದ್ದು ಬೆರಳಿನ ಎಣ್ಣೆ ಕೂತಿರುತ್ತದೆ, ಫೋಟೋ ಮಂಜು ಮಂಜಾಗಿ ಬರುವುದಕ್ಕೆ ಹತ್ತರಲ್ಲಿ ಏಳು ಸಲ ಅದೇ ಕಾರಣ ಅಂತ ನನ್ನ ಅನುಭವ. ಎರಡು, ಕ್ಯಾಮೆರಾ ಸೆಟ್ಟಿಂಗಿನಲ್ಲಿ ಗ್ರಿಡ್ ಗೆರೆ ಹಾಕಿಕೊಳ್ಳಿ, ಬಾಗಿಲು ಗೋಡೆ ಓರೆಯಾಗುವುದು ತಪ್ಪುತ್ತದೆ. ಮೂರು, ಪರದೆಯ ಮೇಲೆ ಬೇಕಾದ ಜಾಗವನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡುವುದನ್ನು ಕಲಿಯಿರಿ. ಜೂಮ್ ಬೇಡ, ಎರಡು ಹೆಜ್ಜೆ ಹತ್ತಿರ ಹೋಗಿ.

ಬೆಳಕು ಯಾವಾಗ ಚೆನ್ನಾಗಿರುತ್ತದೆ?

ಬೆಳಿಗ್ಗೆ ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆ, ಸಂಜೆ ಮುಳುಗುವ ಮುಂಚಿನ ಒಂದು ಗಂಟೆ. ಇದನ್ನು ಎಲ್ಲರೂ ಹೇಳುತ್ತಾರೆ. ದಿನಾ ತೆಗೆಯುವವರಿಗೆ ಮಾತ್ರ ಗೊತ್ತಾಗುವ ಸಂಗತಿ ಬೇರೆ ಇದೆ: ಬೆಳಕು ಜಾಗ ಬದಲಾಯಿಸುತ್ತಾ ಹೋಗುತ್ತದೆ. ನಮ್ಮ ಕಡೆ ಜೂನ್ ಶುರುವಿನಲ್ಲಿ 6 ಗಂಟೆಗೆ ಸ್ವಲ್ಪ ಮುಂಚೆಯೇ ಸೂರ್ಯ ಹುಟ್ಟುತ್ತಾನೆ, ಜನವರಿ ಕೊನೆಯಲ್ಲಿ 6:45 ದಾಟುತ್ತದೆ. ಹುಟ್ಟುವ ದಿಕ್ಕೂ ಸರಿಯುತ್ತದೆ. ನಮ್ಮ ಅಡುಗೆಮನೆಯ ಕಿಟಕಿಯ ಬಿಸಿಲು ಜನವರಿಯಲ್ಲಿ ಡಬ್ಬಗಳ ಸಾಲಿನ ಮೇಲೆ ಬಿದ್ದು ಇಡೀ ಗೋಡೆ ಹೊಳೆಯುತ್ತದೆ, ಜೂನಿನಲ್ಲಿ ಅದೇ ಹೊತ್ತಿಗೆ ಆ ಮೂಲೆ ಕತ್ತಲು. ಉತ್ತರಾಯಣ, ದಕ್ಷಿಣಾಯನ ಅಂತ ಪಂಚಾಂಗದಲ್ಲಿ ಓದುತ್ತಿದ್ದದ್ದು ನನಗೆ ನಿಜವಾಗಿ ಅರ್ಥವಾದದ್ದು ಸಾಸಿವೆ ಡಬ್ಬದ ಮೇಲೆ.

ಎರಡು ದಿನ ಗುರುತು ಹಾಕಿಕೊಳ್ಳಿ. ಏಪ್ರಿಲ್ ನಾಲ್ಕನೇ ವಾರದಲ್ಲಿ ಒಂದು ದಿನ, ಆಗಸ್ಟ್ ಮೂರನೇ ವಾರದಲ್ಲಿ ಒಂದು ದಿನ, ಮಧ್ಯಾಹ್ನ 12:15ರಿಂದ 12:30ರ ನಡುವೆ, ಮೈಸೂರು ಬೆಂಗಳೂರಿನ ಕಡೆ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಅಂಗಳದಲ್ಲಿ ಒಂದು ಸ್ಟೀಲ್ ಲೋಟ ಇಡಿ. ಅದಕ್ಕೆ ನೆರಳೇ ಇರುವುದಿಲ್ಲ. ವರ್ಷಕ್ಕೆ ಎರಡೇ ಸಲ ಸಿಗುವ ಫೋಟೋ ಅದು, ಖರ್ಚು ಒಂದು ಲೋಟ.

ಮಳೆಗಾಲದ ಮೋಡದ ಬೆಳಕನ್ನು ಬೈಯಬೇಡಿ. ಮುಖ, ಎಲೆ, ಒದ್ದೆ ರಸ್ತೆ ಅದರಲ್ಲೇ ಚೆನ್ನಾಗಿ ಬರುವುದು.

ಹತ್ತು ತೆಗೆದು ಒಂದನ್ನು ಆರಿಸಬಹುದಾ?

ಬಹುದು. ಆದರೆ ಆರಿಸುವ ಕೆಲಸ ಅವತ್ತೇ ರಾತ್ರಿ ಮುಗಿಯಲಿ. ನಾಳೆಗೆ ಇಟ್ಟರೆ ವಾರಕ್ಕೆ 70 ಆಗುತ್ತದೆ, ತಿಂಗಳಿಗೆ 300. ಆಮೇಲೆ ನೋಡಲು ಭಯವಾಗಿ ಎಲ್ಲವನ್ನೂ ಬಿಟ್ಟುಬಿಡುತ್ತೀರಿ. ಹೀಗೆ ನಿಲ್ಲಿಸಿದವರು ನನಗೇ ಮೂರು ಜನ ಗೊತ್ತು.

ಒಂದು ದಿನ ಮರೆತರೆ?

ಮರೆತ ದಿನ ಖಾಲಿ ಇರಲಿ, ನಾಳೆ ಮತ್ತೆ ತೆಗೆಯಿರಿ. ನನಗೆ 2018ರಲ್ಲಿ ಟೈಫಾಯ್ಡ್ ಆದಾಗ ಹನ್ನೊಂದು ದಿನ ಇಲ್ಲ. ಆ ಹನ್ನೊಂದು ದಿನದ ಜಾಗವನ್ನು ಹಾಗೇ ಬಿಟ್ಟಿದ್ದೇನೆ, ಅದೂ ಆ ವರ್ಷದ್ದೇ ಅಲ್ವಾ.

ದಿನಾ ಅದೇ ಮನೆ, ಅದೇ ರಸ್ತೆ. ಬೇಜಾರಾಗಲ್ವಾ?

ಆಗುತ್ತದೆ. ಸಾಮಾನ್ಯವಾಗಿ ಎರಡನೇ ತಿಂಗಳಿಗೆ. ಮೊದಲ ತಿಂಗಳು ಹುಮ್ಮಸ್ಸು ಇರುತ್ತದೆ, ಆಮೇಲೆ ರಾತ್ರಿ ಹನ್ನೊಂದು ಗಂಟೆಗೆ ಹಾಸಿಗೆಯಲ್ಲಿ ಕೂತು ಸೀಲಿಂಗ್ ಫ್ಯಾನಿನ ಫೋಟೋ ತೆಗೆದು ಮಲಗುವ ದಿನಗಳು ಬರುತ್ತವೆ. ಆ ಫ್ಯಾನಿನ ಫೋಟೋಗೂ ಲೆಕ್ಕ ಇದೆ, ತೆಗೆಯಿರಿ.

ನನ್ನನ್ನು ಎತ್ತಿ ನಿಲ್ಲಿಸಿದ್ದು ಒಂದು ಮರ. ಬಸ್‌ಸ್ಟಾಪಿನ ಹತ್ತಿರ ಒಂದು ಹೊಂಗೆ ಮರ ಇದೆ. ಏನೂ ಹೊಳೆಯದ ದಿನ ಅದನ್ನು ತೆಗೆಯುವುದು ಅಂತ ಇಟ್ಟುಕೊಂಡೆ, ಅದೇ ಜಾಗದಲ್ಲಿ, ಅಂಗಡಿ ಮೆಟ್ಟಿಲ ಮೇಲೆ ನಿಂತು. ಯುಗಾದಿ ಹತ್ತಿರ ಬರುವಾಗ ಎಲೆ ಉದುರಿ ಬೋಳಾಗುತ್ತದೆ, ಎರಡೇ ವಾರದಲ್ಲಿ ಎಳೆ ಹಸಿರು, ಅದು ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತದೆ, ಆಮೇಲೆ ಹೂವು ಬಿದ್ದು ಕೆಳಗೆ ನಿಂತ ಸ್ಕೂಟರುಗಳ ಸೀಟೆಲ್ಲ ತಿಳಿ ನೇರಳೆ. ಇಪ್ಪತ್ತು ವರ್ಷ ಅದೇ ಮರದ ಕೆಳಗೆ ಬಸ್ಸಿಗೆ ಕಾದಿದ್ದೆ. ಅದು ಹೂ ಬಿಡುತ್ತದೆ ಅಂತ ಗೊತ್ತಾದದ್ದು ಫೋಟೋ ತೆಗೆಯಲು ಶುರು ಮಾಡಿದ ಮೇಲೆ.

ಅದಕ್ಕೇ ಒಂದು ಜಾಗ ಹಿಡಿದಿಟ್ಟುಕೊಳ್ಳಿ. ಕಿಟಕಿ ಆಗಲಿ, ಮರ ಆಗಲಿ, ಎದುರು ಮನೆಯ ಬಟ್ಟೆ ಒಣಗಿಸುವ ತಂತಿ ಆಗಲಿ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಹೊರಗೆ ಕಾಲಿಡಲು ಆಗದ ಆ ವಾರಗಳಲ್ಲಿ ನನಗೆ ಉಳಿದದ್ದು ತಾರಸಿ ಒಂದೇ. ಸುತ್ತಲಿನ ಒಂಬತ್ತು ತಾರಸಿಗಳಲ್ಲಿ ಯಾರು ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ನನ್ನ ಫೋಟೋ ನೋಡಿ ಹೇಳಬಹುದು.

ಫೋಟೋ ತೆಗೆಯುತ್ತಾ ಕೂತರೆ ಆ ಕ್ಷಣವೇ ಕೈತಪ್ಪುವುದಿಲ್ಲವಾ?

ಒಳ್ಳೆಯ ಪ್ರಶ್ನೆ. ತಪ್ಪಬಹುದು. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ ಜನರನ್ನು ಒಂದು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿ, ಕೆಲವು ವಸ್ತುಗಳನ್ನು ಬರೀ ನೋಡಲು, ಕೆಲವನ್ನು ಫೋಟೋ ತೆಗೆಯಲು ಹೇಳಿದರು. ಮಾರನೇ ದಿನ ಕೇಳಿದಾಗ, ಫೋಟೋ ತೆಗೆದ ವಸ್ತುಗಳು ಅವರಿಗೆ ಕಡಿಮೆ ನೆನಪಿದ್ದವು. ಇದು 2014ರಲ್ಲಿ ಪ್ರಕಟವಾಯಿತು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇತ್ತು. ವಸ್ತುವಿನ ಒಂದು ಭಾಗವನ್ನು ಹತ್ತಿರದಿಂದ, ಜೂಮ್ ಮಾಡಿ ತೆಗೆದವರಿಗೆ ನೆನಪು ಕಡಿಮೆಯಾಗಲಿಲ್ಲ.

ನನಗೆ ಇದರಿಂದ ಸಿಕ್ಕಿದ್ದು ಇಷ್ಟು: ಎತ್ತಿದ ಕೂಡಲೇ ಒತ್ತಬೇಡಿ. ಮೊದಲು ಬರಿಗಣ್ಣಲ್ಲಿ ನೋಡಿ, ಅದರಲ್ಲಿ ಯಾವ ಭಾಗ ನಿಮ್ಮನ್ನು ಹಿಡಿದು ನಿಲ್ಲಿಸಿತು ಅಂತ ಕೇಳಿಕೊಳ್ಳಿ, ಅದೊಂದನ್ನು ತೆಗೆದು ಫೋನು ಒಳಗಿಡಿ. ಮಗು ಮೊದಲ ಸಲ ಸೈಕಲ್ ಬ್ಯಾಲೆನ್ಸ್ ಮಾಡುತ್ತಿದ್ದರೆ ಹಿಂದೆ ಓಡಿ, ಫೋಟೋ ಬೇಡ. ಆಮೇಲೆ ಅದರ ಮೊಣಕಾಲಿಗೆ ಅಂಟಿದ ಮಣ್ಣಿನ ಫೋಟೋ ತೆಗೆದರಾಯಿತು.

ಬೇರೆಯವರ ಫೋಟೋ ತೆಗೆಯಬಹುದಾ?

ಕೇಳಿ ತೆಗೆಯಿರಿ. ಕದ್ದು ತೆಗೆದರೆ ಮಾತ್ರ ಸಹಜವಾಗಿ ಬರುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮಾರ್ಕೆಟ್ಟಿನ ಹೂವಿನ ಅಜ್ಜಿಗೆ 'ಅಜ್ಜಿ, ಒಂದು ಫೋಟೋ ತಗೊಳ್ಳಲಾ' ಅಂದಾಗ ಮೊದಲು ಸೆರಗು ಸರಿಮಾಡಿಕೊಂಡು ಸೆಟೆದು ಕೂರುತ್ತಾರೆ, ನಿಜ. ಒಂದು ಮಾರು ಹೂವು ಕೊಂಡು, ಎರಡು ಮಾತಾಡಿ, ಮುಂದಿನ ವಾರ ಪ್ರಿಂಟು ತಂದುಕೊಟ್ಟು ನೋಡಿ. ಮೂರನೇ ಸಲಕ್ಕೆ ನೀವು ಅಲ್ಲಿ ನಿಂತಿದ್ದೀರಿ ಅನ್ನುವುದನ್ನೇ ಮರೆತು ಅವರ ಕೆಲಸ ಅವರು ಮಾಡುತ್ತಾರೆ.

ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವರ ಫೋಟೋಗಳನ್ನು ಹುಡುಕಿ ನೋಡಿ. ಪತ್ರಿಕೆಗಳಿಗೆ ಕೆಲಸ ಮಾಡಿದವರು, ಪದ್ಮಶ್ರೀ ಬಂದವರು, ಆದರೆ ಅವರ ಮನಸ್ಸೆಲ್ಲ ಇದ್ದದ್ದು ಬೀದಿಯ ಮಕ್ಕಳು, ದುಡಿಯುವವರು, ಸುಮ್ಮನೆ ಕೂತವರ ಮೇಲೆ. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರು ತೆಗೆದ ಮಕ್ಕಳ ಫೋಟೋಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನವಾದವು. ಆ ಮಕ್ಕಳ ಮುಖ ನೋಡಿದರೆ ಕ್ಯಾಮೆರಾ ಹಿಡಿದವರ ಮೇಲೆ ಅವರಿಗಿದ್ದ ಸಲುಗೆ ಗೊತ್ತಾಗುತ್ತದೆ.

ಬೇಡ ಅಂದವರನ್ನು ಒತ್ತಾಯ ಮಾಡಬೇಡಿ. ಬೇರೆಯವರ ಮಕ್ಕಳ ಫೋಟೋ ಅಪ್ಪ ಅಮ್ಮನನ್ನು ಕೇಳದೆ ಖಂಡಿತ ಬೇಡ. ಗರ್ಭಗುಡಿ, ಆಸ್ಪತ್ರೆ ವಾರ್ಡು, 'ಛಾಯಾಚಿತ್ರ ನಿಷೇಧಿಸಿದೆ' ಅಂತ ಬೋರ್ಡಿರುವ ಕಡೆ ಫೋನು ಜೇಬಿನಲ್ಲೇ ಇರಲಿ.

ಕೆಟ್ಟ ದಿನಗಳಲ್ಲೂ ತೆಗೆಯಬೇಕಾ?

ಬೇಕು ಅಂತ ಹೇಳುವ ಹಕ್ಕು ನನಗಿಲ್ಲ. ನಾನು ತೆಗೆದಿದ್ದೇನೆ. ಅಪ್ಪ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಅವರ ಮುಖ ತೆಗೆಯಲು ಮನಸ್ಸು ಬರಲಿಲ್ಲ. ಹೊರಗೆ ಬೆಂಚಿನ ಮೇಲೆ ಇಟ್ಟಿದ್ದ ಫ್ಲಾಸ್ಕು, ಟೋಕನ್ ಚೀಟಿ, ಮಧ್ಯರಾತ್ರಿಯ ಕಾರಿಡಾರಿನ ಟ್ಯೂಬ್‌ಲೈಟು ತೆಗೆದೆ. ಅವರು ಹೋದ ದಿನದ ಫೋಟೋ ನಮ್ಮ ಮನೆಯ ಗೇಟು, ತೆರೆದೇ ಇದೆ. ಬೇರೆಯವರಿಗೆ ಅದು ಬರೀ ಗೇಟು.

ಫಿಲ್ಟರ್, ಬ್ಯೂಟಿ ಮೋಡ್?

ಆಫ್ ಮಾಡಿ. ಹತ್ತು ವರ್ಷದ ಮೇಲೆ ನಿಮಗೆ ಬೇಕಾಗುವುದು ಆವತ್ತಿನ ಗೋಡೆಯ ನಿಜವಾದ ಬಣ್ಣ.

ಸ್ಟೇಟಸ್‌ಗೆ ಹಾಕಬೇಕಾ?

ನಿಮ್ಮಿಷ್ಟ. ನಾನು ಮೊದಲ ವರ್ಷ ದಿನಾ ಹಾಕಿದೆ. ಹಾಕುತ್ತಾ ಹಾಕುತ್ತಾ, ಜನಕ್ಕೆ ಇಷ್ಟವಾಗುವಂಥದ್ದನ್ನೇ ಹುಡುಕಲು ಶುರು ಮಾಡಿದೆ: ಸೂರ್ಯಾಸ್ತ, ಚಾಮುಂಡಿ ಬೆಟ್ಟದ ಮಂಜು, ಕಾಫಿ ಲೋಟ. ಹಾಗೆ ಹುಡುಕಿ ತೆಗೆದ ಫೋಟೋಗಳು ಚೆನ್ನಾಗಿವೆ, ಆದರೆ ಅವುಗಳಲ್ಲಿ ನಮ್ಮ ಮನೆಯೇ ಇಲ್ಲ. ಈಗ ಮೂರು ಜನಕ್ಕೆ ಮಾತ್ರ ಕಳಿಸುತ್ತೇನೆ.

ಎಲ್ಲಿ ಉಳಿಸಿಟ್ಟುಕೊಳ್ಳುವುದು?

ಇದನ್ನು ದಯವಿಟ್ಟು ಗಂಭೀರವಾಗಿ ತಗೊಳ್ಳಿ. ನನ್ನ ಫೋನು ಒಂದು ಸಲ ಕೆಟ್ಟಾಗ ರಿಪೇರಿಗೆ ಕೊಟ್ಟೆ. ಡೇಟಾ ಏನೂ ಆಗಲ್ಲ ಅಂದಿದ್ದರು, ವಾಪಸ್ ಬಂದಾಗ ಫೋನು ಹೊಸದರ ಹಾಗೆ ಖಾಲಿ. ನಾಲ್ಕು ತಿಂಗಳ ಫೋಟೋ ಹೋಯಿತು. ಇವತ್ತಿಗೂ ಸಂಕಟ ಆಗುತ್ತದೆ.

ಲೆಕ್ಕ ನೋಡಿದರೆ ಇದು ದೊಡ್ಡ ಕೆಲಸವೇ ಅಲ್ಲ. ಒಂದು ಫೋಟೋ ಸುಮಾರು 4 ಎಂಬಿ ಅಂದರೆ 365 ಫೋಟೋಗೆ ಒಂದೂವರೆ ಜಿಬಿ ಕೂಡ ಆಗುವುದಿಲ್ಲ. 16 ಜಿಬಿಯ ಪೆನ್ ಡ್ರೈವಿನಲ್ಲಿ ಹತ್ತು ವರ್ಷ ಹಿಡಿಯುತ್ತದೆ. ಮೂರು ಕಡೆ ಇರಲಿ: ಫೋನಿನಲ್ಲಿ, ಪೆನ್ ಡ್ರೈವ್ ಅಥವಾ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಮನೆಯಿಂದ ಹೊರಗೆ, ಅಂದರೆ ಆನ್‌ಲೈನಿನಲ್ಲಿ ಅಥವಾ ಅಣ್ಣನ ಮನೆಯ ಕಂಪ್ಯೂಟರಿನಲ್ಲಿ. ಗೂಗಲ್ ಫೋಟೋಸ್ ಮೊದಲು ಎಷ್ಟು ಹಾಕಿದರೂ ಪುಕ್ಕಟೆ ಇತ್ತು, 2021ರ ಜೂನ್ 1ರಿಂದ ಹಾಗಿಲ್ಲ. 15 ಜಿಬಿ ಮಾತ್ರ, ಅದರಲ್ಲೇ ನಿಮ್ಮ ಮೇಲ್ ಕೂಡ ಸೇರುತ್ತದೆ. ತಿಂಗಳಿಗೊಂದು ದಿನ ಗೊತ್ತು ಮಾಡಿಕೊಳ್ಳಿ. ನಾನು ಹುಣ್ಣಿಮೆಗೆ ಮಾಡುತ್ತೇನೆ, ನೆನಪಿರುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಂಡು ಬ್ಯಾಕಪ್ ಆಯಿತು ಅಂದುಕೊಳ್ಳಬೇಡಿ. ಅದು ಫೋಟೋವನ್ನು ಕುಗ್ಗಿಸುತ್ತದೆ, ಒಳಗೆ ದಾಖಲಾಗಿರುವ ತಾರೀಕು, ಸಮಯ, ಜಾಗದ ವಿವರವೂ ಹೋಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೈಲಿನ ಹೆಸರಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ದಿನ ಬರಲಿ, 2024-03-11 ಅನ್ನುವ ಹಾಗೆ. ತಾನಾಗೇ ಸಾಲಾಗಿ ಕೂರುತ್ತವೆ.

ಫೋಟೋ ಜೊತೆ ಏನು ಬರೆಯಲಿ?

ಒಂದು ಸಾಲು. ಭಾವನೆ ಬೇಡ, ಫೋಟೋದಲ್ಲಿ ಕಾಣದೇ ಇರುವುದನ್ನು ಬರೆಯಿರಿ. 'ಟೊಮೆಟೊ ಕೆಜಿಗೆ 80', 'ಪಕ್ಕದ ಮನೆಯಲ್ಲಿ ಸೈಟು ವಿಷಯಕ್ಕೆ ಜಗಳ', 'ಬೇಳೆ ಸೀದ ವಾಸನೆ'. ವಾಸನೆ, ಸದ್ದು, ರೇಟು, ಈ ಮೂರೂ ಫೋಟೋದಲ್ಲಿ ಬರುವುದಿಲ್ಲ.

ಇದರಿಂದ ಏನು ಪ್ರಯೋಜನ?

ಮನಸ್ಸಿಗೆ ಒಳ್ಳೆಯದು ಅಂತ ಇಂಗ್ಲೆಂಡಿನ ಲ್ಯಾಂಕಾಸ್ಟರ್ ಮತ್ತು ಶೆಫೀಲ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ದಿನಕ್ಕೊಂದು ಫೋಟೋ ತೆಗೆಯುವ ಒಂದು ಸಣ್ಣ ಗುಂಪನ್ನು ಎರಡು ತಿಂಗಳು ಗಮನಿಸಿ ಬರೆದಿದ್ದಾರೆ. ಹೊರಗೆ ಕಾಲಿಡುತ್ತಾರೆ, ಬೇರೆಯವರ ಜೊತೆ ಮಾತು ಬೆಳೆಯುತ್ತದೆ, ಹಳೆಯದನ್ನು ನೋಡಿ ಖುಷಿಪಡುತ್ತಾರೆ ಅಂತ. ನನಗೂ ಹೌದು ಅನ್ನಿಸುತ್ತದೆ. ಆದರೆ ನಾನು ತೆಗೆಯುವ ಕಾರಣ ಬೇರೆ.

2016ರ ಜುಲೈನಲ್ಲಿ ದೇವರಾಜ ಮಾರ್ಕೆಟ್ಟಿನ ಹತ್ತಿರ ಸೌತೆಕಾಯಿ ಮಾರುವವರ ಫೋಟೋ ತೆಗೆದಿದ್ದೆ. ಹೆಚ್ಚಿಟ್ಟ ಸೌತೆಕಾಯಿಯ ಮೇಲಿನ ಖಾರದ ಪುಡಿಗೆ ಫೋಕಸ್ ಇದೆ. ಆಗಸ್ಟಿನಲ್ಲಿ ಮಾರ್ಕೆಟ್ಟಿನ ಉತ್ತರ ಬಾಗಿಲಿನ ಕಡೆ ಒಂದು ಭಾಗ ಕುಸಿದುಬಿತ್ತು. ಫೋಟೋ ತೆರೆದು ನೋಡಿದರೆ, ಸೌತೆಕಾಯಿಯ ಹಿಂದೆ, ಮಂಕಾಗಿ, ಆ ಬಾಗಿಲು ಇನ್ನೂ ನಿಂತಿದೆ. ನಾನು ಅದನ್ನು ತೆಗೆಯಲು ಹೋಗಿರಲೇ ಇಲ್ಲ.

ಇನ್ನೊಂದು ಇದೆ. ನಮ್ಮ ಹಜಾರದ ಗೋಡೆಯ ಕ್ಯಾಲೆಂಡರಿನ ಮೇಲೆ ಒಂದು ಸಂಜೆ ಹಲ್ಲಿ ಕೂತಿತ್ತು, ಅದನ್ನು ತೆಗೆದೆ. ಅಪ್ಪ ಆ ಕ್ಯಾಲೆಂಡರಿನ ಚೌಕಗಳಲ್ಲಿ ದಿನಾ ಹಾಲಿನ ಲೆಕ್ಕ ಬರೆಯುತ್ತಿದ್ದರು, ಸಿಲಿಂಡರ್ ಬಂದ ದಿನ 'ಗ್ಯಾಸ್' ಅಂತ, ಅತ್ತೆ ಬಂದುಹೋದ ದಿನ ಅವರ ಹೆಸರಿನ ಮೊದಲಕ್ಷರ. ವರ್ಷ ಮುಗಿದ ಮೇಲೆ ಕ್ಯಾಲೆಂಡರನ್ನು ಹಳೇ ಪೇಪರಿನ ಜೊತೆ ಹಾಕುವುದು ಎಲ್ಲರ ಮನೆಯ ಪದ್ಧತಿ, ನಾವೂ ಹಾಕಿದೆವು, ಮೂವತ್ತು ಚಿಲ್ಲರೆ ವರ್ಷದ್ದು ಹಾಗೇ ಹೋಗಿದೆ. ಅಪ್ಪನ ಸಹಿ ಇರುವ ಕಾಗದ ಮನೆಯಲ್ಲಿ ಎಷ್ಟೋ ಇವೆ. ಆದರೆ ಅವರು ನಿಂತುಕೊಂಡು, ಕನ್ನಡಕ ಹಣೆಗೇರಿಸಿ, ಗೋಡೆಗೆ ಪೆನ್ಸಿಲ್ ಒತ್ತಿ ಬರೆದ ಆ ಸಣ್ಣ ಅಕ್ಷರ ಉಳಿದಿರುವುದು ಹಲ್ಲಿಯ ಫೋಟೋದಲ್ಲಿ ಮಾತ್ರ.

ವಯಸ್ಸಾದವರು ಮಾಡಬಹುದಾ?

ನಮ್ಮ ಅಮ್ಮ 71ಕ್ಕೆ ಶುರು ಮಾಡಿದರು. ಮೊದಮೊದಲು 'ಏನೇ ಅದು, ಹಳಸಿದ ಸಾರಿನ ಪಾತ್ರೆಗೂ ಫೋಟೋನಾ' ಅಂತ ನನ್ನನ್ನು ಬೈಯುತ್ತಿದ್ದವರು. ಈಗ ಬೆಳಿಗ್ಗೆ ತುಳಸಿ ಕಟ್ಟೆ ಮುಂದೆ ಹಾಕಿದ ರಂಗೋಲಿಯನ್ನು ಅಳಿಸುವ ಮುಂಚೆ ತೆಗೆಯುತ್ತಾರೆ. ಬೆರಳು ಲೆನ್ಸಿಗೆ ಅಡ್ಡ ಬರುತ್ತದೆ, ಬರಲಿ. ಅವರಿಗೆ ಫೋನಿನ ವಾಲ್ಯೂಮ್ ಬಟನ್ ಒತ್ತಿ ತೆಗೆಯುವುದನ್ನು ಕಲಿಸಿಕೊಡಿ, ಕೈ ಅಲುಗುವುದು ಕಡಿಮೆಯಾಗುತ್ತದೆ.

ಪ್ರಿಂಟ್ ಹಾಕಿಸಬೇಕಾ?

ಹಾಕಿಸಿ. ಎಲ್ಲವನ್ನೂ ಅಲ್ಲ, ತಿಂಗಳಿಗೆ ಒಂದು, ವರ್ಷಕ್ಕೆ ಹನ್ನೆರಡು, ತಾತನ ರೀಲಿನಷ್ಟೇ. 4×6 ಇಂಚಿನ ಪ್ರಿಂಟಿಗೆ 1200×1800 ಪಿಕ್ಸೆಲ್ ಇದ್ದರೆ ಧಾರಾಳವಾಯಿತು, ಹಳೆಯ ಫೋನಿನ ಫೋಟೋವೂ ಚೆನ್ನಾಗಿ ಬರುತ್ತದೆ. ಮ್ಯಾಟ್ ಪೇಪರ್ ಕೇಳಿ, ಬೆರಳಚ್ಚು ಕೂರುವುದಿಲ್ಲ. ಹಿಂದುಗಡೆ ಪೆನ್ಸಿಲಿನಲ್ಲಿ ತಾರೀಕು ಬರೆಯಿರಿ, ಬಾಲ್‌ಪೆನ್ನಿನ ಒತ್ತು ಮುಂದೆ ಮೂಡುತ್ತದೆ.

ಹೋದ ಸಲ ನಮ್ಮ ಬೀದಿಯ ಸ್ಟುಡಿಯೋಗೆ ಪೆನ್ ಡ್ರೈವ್ ಕೊಟ್ಟಾಗ ಅಲ್ಲಿನ ಹುಡುಗ ಒಂದೊಂದೇ ತೆರೆದು ನೋಡುತ್ತಾ ಕ್ಯಾಲೆಂಡರಿನ ಫೋಟೋಗೆ ಬಂದು ನಿಂತ. 'ಮೇಡಂ, ಇದು ಬರೀ ಗೋಡೆ, ಹಲ್ಲಿ ಇದೆ. ಇದನ್ನೂ ಹಾಕಬೇಕಾ?'

'ಹಾಕಪ್ಪ. ಅದು ಎರಡು ಕಾಪಿ. ಒಂದು ಧಾರವಾಡಕ್ಕೆ, ನಮ್ಮಣ್ಣನಿಗೆ.'